ಕ್ಷಿಪಣಿಗಳ ನೆರೆಯೂರಿಗೆ ಕಣ್ಣಿ ಒಯ್ದದ್ದು

ಕಟ್ಟಬೆಟ್ಟು

ಅವರೆಕಾಯಿ ಸುಲಿಯುತ್ತ ಕೂತಿದ್ದೆ. ಮಂಜು ಆಗಲೇ ಅಂಗಳಕ್ಕೆ ಇಳಿದಿತ್ತು. ಒಳಗೆ ಟಿವಿಯಲ್ಲಿ ತಮಿಳು ವಾರ್ತೆ. ಉತ್ತರ ಕೊರಿಯಾ ಮತ್ತೊಂದು ಕ್ಷಿಪಣಿ ಹಾರಿಸಿದೆ, ಅದು ಹೋಗಿ ಸಮುದ್ರಕ್ಕೆ ಬಿದ್ದಿದೆ ಎಂದು ವಾರ್ತೆಯ ಹೆಣ್ಣುಮಗಳು, ಕೋಯಮುತ್ತೂರಿನಲ್ಲಿ ಸಾಧಾರಣ ಮಳೆ ಅನ್ನುವಷ್ಟೇ ಸಲೀಸಾಗಿ ಓದಿದಳು. ನನ್ನ ಕೈ ನಿಂತಿತು. ನಮ್ಮ ಮಗಳು ರೇವತಿ ಇರುವುದು ದಕ್ಷಿಣ ಕೊರಿಯಾದಲ್ಲಿ. ಆಗ ಅವಳು ಬಸುರಿ, ಆರು ತಿಂಗಳು ತುಂಬುತ್ತಿತ್ತು.

ಯಜಮಾನರು ಎದ್ದು ಟಿವಿಯ ಸದ್ದು ಏರಿಸಿದರು. ನಮ್ಮ ನೀಲಗಿರಿ ಬೆಟ್ಟದ ಮದ್ದಿನ ಫ್ಯಾಕ್ಟರಿಯಲ್ಲಿ ಇಡೀ ಸರ್ವಿಸ್ ಕಳೆದು ರಿಟೈರ್ ಆದವರು ಅವರು. ತೋಪಿಗೆ, ರಾಕೆಟಿಗೆ ತುಂಬುವ ಮದ್ದು ಅವರ ಕೈಯ ಕೆಲಸ. ಯಾವ ದೇಶದಲ್ಲಿ ಯಾವ ಕ್ಷಿಪಣಿ ಹಾರಿದರೂ ಇವರಿಗೆ ಬೇಕು. ಅದು ದ್ರವದ ಮದ್ದಿನದೋ ಗಟ್ಟಿ ಮದ್ದಿನದೋ ಎಂದು ಹೊಗೆಯ ಬಣ್ಣ ನೋಡಿ ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಾರೆ. ಅವತ್ತು ಮಾತ್ರ ಹೊಗೆಯ ಮಾತೆತ್ತಲಿಲ್ಲ. ಅಡುಗೆಮನೆ ಬಾಗಿಲಿಗೆ ಬಂದು, "ಆ ಸಮುದ್ರ ಎತ್ತ ಕಡೆದು? ಮೂಡಲಾ?" ಎಂದು ಕೇಳಿದರು.

ಮೂಡಲಂತೆ, ಅವಳ ಊರಿಂದ ಬೆಟ್ಟ ದಾಟಿ ಹೋಗಬೇಕಂತೆ ಎಂದೆ. ತಲೆಯಾಡಿಸಿ ಹೋದರು. ಎರಡು ವರ್ಷದಲ್ಲಿ ಮಗಳ ವಿಷಯಕ್ಕೆ ಅವರು ಅಷ್ಟು ಹತ್ತಿರ ಬಂದದ್ದು ಅದೇ ಮೊದಲು.

ರೇವತಿ ಅಲ್ಲಿ ಓದಲು ಹೋದವಳು, ಗೂಡಲೂರು ಕಡೆಯ ಮಲಯಾಳಿ ಹುಡುಗ ಅನೂಪನನ್ನು ಅಲ್ಲೇ ರಿಜಿಸ್ಟರ್ ಮದುವೆಯಾದಳು. ಆಮೇಲೆ ನಮಗೆ ಫೋನ್ ಮಾಡಿದಳು. ಯಜಮಾನರು ಬೈಯಲಿಲ್ಲ. "ಆಯ್ತು" ಅಂದರು, ಅಷ್ಟೇ. ಅಂದಿನಿಂದ ಅವಳ ಹೆಸರು ಅವರ ಬಾಯಿಗೆ ಬರಲಿಲ್ಲ. ಹಟ್ಟಿಯಲ್ಲಿ ಕುಲದೇವಿ ಹೆತ್ತೆಯಮ್ಮನ ಹಬ್ಬಕ್ಕೆ ನಾಲ್ಕು ಜನರ ಜೊತೆ ಮುಂದೆ ನಿಲ್ಲುತ್ತಿದ್ದವರು ಹಿಂದೆ ಹೋಗಿ ಗೋಡೆ ಪಕ್ಕ ನಿಲ್ಲತೊಡಗಿದರು.

ನಮ್ಮ ಬಡಗರಲ್ಲಿ ಮದುವೆಯ ದಿನಕ್ಕಿಂತ ದೊಡ್ಡ ದಿನವೊಂದಿದೆ. ಚೊಚ್ಚಲ ಬಸುರಿಗೆ ಏಳನೇ ತಿಂಗಳಲ್ಲಿ ಗಂಡ ಅವಳ ಕೊರಳಿಗೆ ಒಂದು ದಾರ ಹಾಕುತ್ತಾನೆ. ಅದಕ್ಕೆ ಕಣ್ಣಿ ಅನ್ನುತ್ತೇವೆ. ಹಿಂದೆ ತುರುಚೆಗಿಡದ ನಾರಿನಲ್ಲಿ ಹೊಸೆಯುತ್ತಿದ್ದರಂತೆ, ಈಗ ಹತ್ತಿಯ ನೂಲು. ದಾರ ಹಿಡಿದುಕೊಂಡು ಅವನು ಮಾವನನ್ನು ಕೇಳಬೇಕು: ನಿಮ್ಮ ಮಗಳ ಕೊರಳಿಗೆ ಕಣ್ಣಿ ಹಾಕಲಾ? ಮಾವ ಹೂಂ ಅನ್ನಬೇಕು. ಆ ಹೂಂ ಇಲ್ಲದೆ ಹಾಕುವಂತಿಲ್ಲ. ಹಾಕದಿದ್ದರೆ ಹಳಬರ ಲೆಕ್ಕದಲ್ಲಿ ಮದುವೆ ಅರ್ಧವೇ.

ರೇವತಿಗೆ ವಿಮಾನ ಹತ್ತಬಾರದೆಂದು ಡಾಕ್ಟರು ಹೇಳಿದ್ದರು. ಅವಳು ಬರುವ ಹಾಗಿಲ್ಲ, ಇವರು ಹೋಗುವವರಲ್ಲ. ಕಣ್ಣಿಯ ಆಸೆ ಅವಳಿಗಿದೆ ಎಂದು ನಾನು ಎರಡು ದಿನ ತಡೆದು ಹೇಳಿದೆ. "ನೀ ಹೋಗಿ ಬಾ" ಅಂದರು. "ಮತ್ತೆ ಹೂಂ?" ಎಂದೆ. ಟಿವಿಯ ಕಡೆ ತಿರುಗಿದರು. ಬೈಯದೆ ಕಳಿಸುತ್ತಿದ್ದಾರಲ್ಲ ಎಂದು ಹೆತ್ತೆಗೆ ಕೈಮುಗಿದು, ಹೊಸ ನೂಲನ್ನು ಅರಿಸಿನದಲ್ಲಿ ಅದ್ದಿ ಒಣಹಾಕಿದೆ.

ಇಂಚೊನ್ ವಿಮಾನ ನಿಲ್ದಾಣ

ಗುಂಡ್ಲುಪೇಟೆಯ ಸೋದರತ್ತೆ ಮನೆಯಲ್ಲಿ ಓದಿದ್ದರಿಂದ ನನಗೆ ಕನ್ನಡ ಬರೆಯಲು ಬರುತ್ತದೆ, ತಮಿಳು ಹೇಗೂ ಬರುತ್ತದೆ. ಇಂಚೊನ್‌ನಲ್ಲಿ ಎರಡೂ ಕೆಲಸಕ್ಕೆ ಬರಲಿಲ್ಲ. ಬಿಳಿ ಗ್ಲೌಸ್ ಹಾಕಿದ್ದ ಒಬ್ಬ ಎಳೆಯ ಅಧಿಕಾರಿ ನನ್ನ ಚೀಲ ಬಿಚ್ಚಿ ಒಣ ಅವರೆಯ ಪೊಟ್ಟಣ ಎತ್ತಿಕೊಂಡ. ಬೀಜ ತರುವಂತಿಲ್ಲವಂತೆ. ಬಿಸಾಡುವ ಮೊದಲು ನನಗೆ ಎರಡು ಸಲ ಬಗ್ಗಿ ನಮಸ್ಕರಿಸಿದ. ಇಷ್ಟು ಮರ್ಯಾದೆಯಿಂದ ನನ್ನ ಅವರೆಯನ್ನು ಯಾರೂ ಕಸಕ್ಕೆ ಹಾಕಿಲ್ಲ.

ಆಮೇಲೆ ಕಣ್ಣಿ ಅವನ ಕೈಗೆ ಸಿಕ್ಕಿತು. ಮೂಸಿ ನೋಡಿದ. ಏನು ಎಂಬಂತೆ ನನ್ನ ಮುಖ ನೋಡಿದ. ನಾನು ಕೊರಳು ತೋರಿಸಿದೆ, ಆಮೇಲೆ ಕೈಯಿಂದ ಹೊಟ್ಟೆ ದಪ್ಪ ಮಾಡಿ ತೋರಿಸಿದೆ. ಹಿಂದೆ ನಿಂತಿದ್ದ ಕೊರಿಯಾದ ಅಜ್ಜಿಯೊಬ್ಬಳು ನಕ್ಕು ಅವನಿಗೆ ಏನೋ ಹೇಳಿದಳು. ಹುಡುಗ ಕೆಂಪಾದ. ದಾರವನ್ನು ಬಟ್ಟೆಯಲ್ಲಿ ಮೊದಲಿದ್ದಂತೆಯೇ ಸುತ್ತಿ ಎರಡೂ ಕೈಯಲ್ಲಿ ಕೊಟ್ಟ. ಅವರೆ ಹೋದರೂ ಕಣ್ಣಿ ಉಳಿಯಿತು.

ಹೊರಗೆ ರೇವತಿ, ಅನೂಪ್ ಕಾಯುತ್ತಿದ್ದರು. ನಾನೊಬ್ಬಳೇ ಬರುವುದು ಅವಳಿಗೆ ಗೊತ್ತಿತ್ತು. ಆದರೂ ನನ್ನನ್ನು ತಬ್ಬಿಕೊಂಡು, ನನ್ನ ಹೆಗಲ ಮೇಲಿಂದ ಆ ಗಾಜಿನ ಬಾಗಿಲನ್ನು, ಕೊನೆಯ ಪ್ರಯಾಣಿಕ ಬರುವ ತನಕ ನೋಡುತ್ತ ನಿಂತಳು.

ಚುನ್‌ಚೊನ್

ಅವರ ಊರು ಚುನ್‌ಚೊನ್. ಸುತ್ತ ಬೆಟ್ಟ, ನಡುವೆ ಅಣೆಕಟ್ಟಿನ ನೀರು. ನನ್ನ ತವರು ಕುಂದಾ ಕಡೆ. ಅಣೆಕಟ್ಟು, ಪವರ್‌ಹೌಸು, ತಂತಿ ಹೊತ್ತು ಬೆಟ್ಟ ಹತ್ತುವ ಕಂಬಗಳು ಇವನ್ನೆಲ್ಲ ನೋಡುತ್ತ ಬೆಳೆದವಳು. ಮೊದಲ ಬೆಳಿಗ್ಗೆ ಕಿಟಕಿ ತೆರೆದಾಗ ನೀರಿನ ಮೇಲೆ ಮಂಜು ಕೂತಿತ್ತು. ಒಂದು ಗಳಿಗೆ ನಾನು ಲಂಗ ತೊಟ್ಟ ಹುಡುಗಿಯಾದೆ. ಮೇಲಿನ ಬೆಟ್ಟಗಳಲ್ಲಿ ಕೋಸು, ಉರುಳಗೆಡ್ಡೆ ಬೆಳೆಯುತ್ತಾರೆ. ಇಳಿಜಾರಿನಲ್ಲಿ ಬಗ್ಗಿ ಕೆಲಸ ಮಾಡುವ ಹೆಂಗಸರ ಬೆನ್ನು ನಮ್ಮವರದೇ. ಕೋಸಿನ ತಲೆ ತಟ್ಟಿ ನೋಡುವ ರೀತಿಯೂ ನಮ್ಮದೇ. ಚಹಾ ಮಾತ್ರ ಎಲ್ಲೂ ಇಲ್ಲ. ಬಾರ್ಲಿ ಹುರಿದು ಕುದಿಸಿದ ನೀರನ್ನೇ ಚಹಾ ಅನ್ನುತ್ತಾರೆ, ನಾನೂ ಒಳ್ಳೆಯ ಮಾತಾಡಿ ಕುಡಿದೆ.

ಚಪ್ಪಲಿ ಬಾಗಿಲಲ್ಲೇ ಬಿಡುತ್ತಾರೆ, ಅದೊಂದು ಸಮಾಧಾನ. ಲಿಫ್ಟಿನಲ್ಲಿ ಹಿರಿಯರನ್ನು ಕಂಡರೆ ಬಗ್ಗುತ್ತಾರೆ. ನನಗೂ ಬಗ್ಗುತ್ತಿದ್ದರು. ಹಟ್ಟಿಯಲ್ಲಿ ಚಿಕ್ಕವರು ಬಗ್ಗಿದಾಗ ತಲೆ ಮುಟ್ಟಿ ಹರಸುವ ನನ್ನ ಅಭ್ಯಾಸ ಸುಮ್ಮನಿರಲಿಲ್ಲ. ಸೂಟು ಹಾಕಿದ್ದ ಗಂಡಸೊಬ್ಬನ ತಲೆ ಮೇಲೆ ಕೈಯಿಟ್ಟೇಬಿಟ್ಟೆ. ಅವನು ಬಗ್ಗಿದವನು ಏಳಲಾರದೆ ನಾಲ್ಕನೇ ಮಹಡಿಯಿಂದ ಕೆಳತನಕ ಹಾಗೇ ಬಂದ. ರೇವತಿ ಮೂಲೆಗೆ ತಿರುಗಿ ನಗು ತಡೆಯುತ್ತಿದ್ದಳು.

ಆ ಲಿಫ್ಟಿನ ಪಕ್ಕದಲ್ಲೇ ಒಂದು ಫಲಕ. ನೆಲಮಾಳಿಗೆಗೆ ಬಾಣದ ಗುರುತು. ಕಾರು ನಿಲ್ಲಿಸುವ ಜಾಗ ಇರಬೇಕು ಎಂದುಕೊಂಡಿದ್ದೆ. ಕಾರೂ ನಿಲ್ಲಿಸುತ್ತಾರೆ, ಕ್ಷಿಪಣಿ ಬಂದರೆ ಜನವೂ ಅಲ್ಲೇ ಇಳಿಯಬೇಕು ಎಂದು ಅನೂಪ್ ಹೇಳಿದ. ನಾನು ಇಳಿದು ನೋಡಿದೆ. ಒಂದು ಕಂಬದ ಹಿಂದೆ ಯಾರೋ ಮೂಲಂಗಿ ಉಪ್ಪಿನಕಾಯಿಯ ಭರಣಿ ಸಾಲಾಗಿ ಇಟ್ಟಿದ್ದರು.

ಯಜಮಾನರು ದಿನವೂ ಸಂಜೆ ನನ್ನ ಫೋನಿಗೆ ಮಾಡುತ್ತಿದ್ದರು. ಊಟವಾಯ್ತಾ, ಚಳಿ ಇದೆಯಾ, ಅಷ್ಟೇ. ನೆಲಮಾಳಿಗೆಯ ಸುದ್ದಿ ಹೇಳಿದ್ದೇ ಮಾತು ಉದ್ದವಾಯಿತು. ಕಾಂಕ್ರೀಟು ಎಷ್ಟು ದಪ್ಪ, ಎರಡನೇ ಬಾಗಿಲು ಇದೆಯಾ, ಕರೆಂಟು ಹೋದರೆ ಲಿಫ್ಟು ನಿಲ್ಲುತ್ತದಲ್ಲ ಎಂದು ಒಂದೊಂದೇ ಕೇಳಿದರು. ಕೊನೆಗೆ, "ಮೆಟ್ಟಿಲು ಕಡಿದಾಗಿದೆಯಾ? ಅವಳಿಗೆ ಇಳಿಯೋಕೆ ಆಗುತ್ತಾ?" ಅಂದರು.

ಅವಳಿಗೆ. ಹೆಸರಿರಲಿಲ್ಲ. ಆದರೂ ನಾನು ಒಲೆ ಆರಿಸಿ ಕೂತುಬಿಟ್ಟೆ.

ಸೈರನ್ನಿನ ಮಧ್ಯಾಹ್ನ

ರೇವತಿ ಕಾಲೇಜಿಗೆ ಹೋಗಿದ್ದಾಗ ನಾನೊಬ್ಬಳೇ ಸೊಪ್ಪು ತರಲು ಹೊರಟೆ. ರಸ್ತೆಯ ನಡುವೆ ಇರುವಾಗ ಸೈರನ್ ಕೂಗಿತು. ಫ್ಯಾಕ್ಟರಿಯ ಶಿಫ್ಟಿನ ಸಂಗಿನ ಕೂಗು ಕೇಳಿ ಬದುಕಿದವಳು ನಾನು, ಸೈರನ್ನಿಗೆ ಹೆದರುವವಳಲ್ಲ. ಆದರೆ ಇದು ನಿಲ್ಲಲಿಲ್ಲ. ಬಸ್ಸು, ಕಾರು ಎಲ್ಲ ಇದ್ದಲ್ಲೇ ನಿಂತವು. ಹಳದಿ ಜಾಕೀಟಿನವನೊಬ್ಬ ಕೈ ಬೀಸಿದ. ಕ್ಷಿಪಣಿ ಬಂದೇ ಬಂತು ಎಂದು ಎದುರಿನ ಅಂಗಡಿಗೆ ನುಗ್ಗಿದೆ. ನುಗ್ಗುವಾಗಲೂ ಚಪ್ಪಲಿ ಬಿಡುವುದನ್ನು ಮರೆಯಲಿಲ್ಲ. ಸೋಯಾ ಕಾಳಿನ ಗಿಣ್ಣು ಮಾರುವ ಅಂಗಡಿ ಅದು. ಮೂಲೆಯಲ್ಲಿ ಕೂತು ಕಣ್ಣುಮುಚ್ಚಿ ಹೆತ್ತೆಯನ್ನು ಕರೆದೆ. ನನ್ನನ್ನು ಬೇಕಾದರೆ ಕರೆದುಕೋ, ಆ ಮಗು ಇನ್ನೂ ಲೋಕ ನೋಡಿಲ್ಲ ಎಂದೆ.

ಕಣ್ಣು ಬಿಟ್ಟರೆ ಅಂಗಡಿಯ ಹೆಂಗಸು ಗಿಣ್ಣು ಕೊಯ್ಯುತ್ತಲೇ ಇದ್ದಾಳೆ. ನನ್ನ ಮುಂದೆ ಬಾರ್ಲಿ ನೀರಿನ ಲೋಟ ಇಟ್ಟಿದ್ದಾಳೆ. ಸೈರನ್ ನಿಂತಿತು, ಬಸ್ಸು ಹೊರಟಿತು. ಅದು ಬರೀ ತಾಲೀಮಂತೆ, ಆಗಾಗ ಮಾಡುತ್ತಾರಂತೆ, ರೇವತಿ ಆಮೇಲೆ ಹೇಳಿದಳು. ಅಂಗಡಿಯವಳು ಒಂದು ಗಟ್ಟಿ ಗಿಣ್ಣನ್ನು ನನ್ನ ಚೀಲಕ್ಕೆ ಹಾಕಿ ಬೆನ್ನು ತಟ್ಟಿ ಕಳಿಸಿದಳು.

ಅವತ್ತು ಊಟಕ್ಕೆ ಕೂತಾಗ ನಾನು ಅನೂಪನನ್ನು ಕೇಳಿದೆ, ಪಕ್ಕದಲ್ಲಿ ಅಂಥವರಿರುವಾಗ ಈ ಜನ ಹೇಗೆ ಉಂಡು ಮಲಗುತ್ತಾರೆ ಎಂದು. ಉತ್ತರದವರು ಕ್ಷಿಪಣಿಗಳನ್ನು ಲಾರಿಯ ಮೇಲೆ ಹೇರಿ ಸುರಂಗದಲ್ಲಿ ಬಚ್ಚಿಡುತ್ತಾರೆ, ಈಗೀಗ ಗಟ್ಟಿ ಮದ್ದಿನವು ಹೆಚ್ಚು, ಹೊರಗೆ ತಂದ ಕೂಡಲೇ ಹಾರಿಸಬಹುದು ಎಂದ. ದಕ್ಷಿಣದವರ ಹತ್ತಿರವೂ ಅವರ ಅಡಗುದಾಣ ಹುಡುಕಿ ಹೊಡೆಯುವ ಕ್ಷಿಪಣಿಗಳಿವೆ, ಬರುವುದನ್ನು ಆಕಾಶದಲ್ಲೇ ತಡೆಯುವವೂ ಇವೆ. ಬೆನ್ನಿಗೆ ಅಮೆರಿಕದವರು. ಆಚೆ ಜಪಾನಿನವರೂ ಇದನ್ನೇ ನೋಡುತ್ತ ತಮ್ಮದನ್ನು ಹೆಚ್ಚಿಸಿಕೊಳ್ಳುತ್ತಿದ್ದಾರೆ. "ನೀ ಹೊಡೆದರೆ ನೀನೂ ಉಳಿಯೋದಿಲ್ಲ ಅಂತ ಎಲ್ಲರೂ ಎಲ್ಲರಿಗೂ ತೋರಿಸ್ತಾ ಇದ್ದಾರೆ, ಅಮ್ಮೇ. ಅದಕ್ಕೇ ಯಾರೂ ಹೊಡೆದಿಲ್ಲ." ಗೂಡಲೂರಿನವರ ಕನ್ನಡದಲ್ಲಿ ಮಲಯಾಳದ ರಾಗವಿರುತ್ತದೆ, ಕೇಳಲು ಹಿತ.

ಇದೇ ಮಾತನ್ನು ಯಜಮಾನರು ಎಷ್ಟೋ ಸಲ ಹೇಳಿದ್ದಾರೆ. ತಾವು ಮಾಡಿದ ಮದ್ದು ಗೋಡೌನಿನಲ್ಲಿ ಒಣಗಿಕೊಂಡು ಬಿದ್ದಿರುವುದೇ ಅದರ ಕೆಲಸ, ಉರಿಯದೆ ಹಳತಾದರೆ ಅದೇ ಗೆಲುವು ಎನ್ನುತ್ತಿದ್ದರು. ದಿನವೂ ಅಡುಗೆ ಮಾಡಿ, ಯಾರೂ ಉಣ್ಣದೆ ಇರಲಪ್ಪಾ ಎಂದು ಬಚ್ಚಿಡುವ ಹಾಗೆ. ನನಗೆ ಆಗ ಅದು ತಿಳಿಯುತ್ತಿರಲಿಲ್ಲ. ಈಗಲೂ ಅರ್ಧವೇ ತಿಳಿದದ್ದು. ಜಗಳವಾಗಲಿಲ್ಲ ಎನ್ನುವುದು ದೊಡ್ಡ ಉಪಕಾರವೇ. ಆದರೆ ನಮ್ಮ ಮನೆಯಲ್ಲೂ ಎರಡು ವರ್ಷ ಜಗಳವಾಗಿರಲಿಲ್ಲ.

ಗಡಿಯ ಬೆಟ್ಟ

ಅಲ್ಲಿ ಸುಗ್ಗಿಯ ಕಾಲದಲ್ಲಿ ಹಿರಿಯರಿಗೆ ಎಡೆಯಿಡುವ ಹಬ್ಬವಿದೆ. ನಮ್ಮ ಮಹಾಲಯದ ಹಾಗೆ. ಅಂದು ಅನೂಪ್ ನಮ್ಮನ್ನು ಗಡಿ ನೋಡಲು ಕರೆದೊಯ್ದ. ಬೆಟ್ಟದ ತುದಿಯಲ್ಲಿ ಒಂದು ಕಟ್ಟೆ, ಸಾಲಾಗಿ ದುರ್ಬೀನುಗಳು. ಕೆಳಗೆ ಮುಳ್ಳುತಂತಿ, ಯಾರೂ ಕಾಲಿಡದೆ ಕಾಡಾದ ಒಂದು ಪಟ್ಟಿ, ಆಮೇಲೆ ಉತ್ತರದ ಬೆಟ್ಟಗಳು. ನಾನು ಏನೋ ಭಯಂಕರವಾದದ್ದು ಕಾಣುತ್ತದೆಂದುಕೊಂಡಿದ್ದೆ. ದುರ್ಬೀನಿನಲ್ಲಿ ಕಂಡದ್ದು ಒಂದು ಜೋಳದ ಹೊಲ, ಅದರ ಬದುವಿನಲ್ಲಿ ಹೊರೆ ಹೊತ್ತ ಒಬ್ಬ ಮನುಷ್ಯ. ಆ ಬೆಟ್ಟಗಳ ಹಿಂದೆ ಎಲ್ಲೋ ಸುರಂಗಗಳು.

ಕಟ್ಟೆಯ ಪಕ್ಕ ಒಬ್ಬ ಮುದುಕಿ ಚಾಪೆ ಹಾಸಿ ಹಣ್ಣು, ಅಕ್ಕಿ ಕಡುಬು ಜೋಡಿಸಿ ಉತ್ತರಕ್ಕೆ ಅಡ್ಡಬೀಳುತ್ತಿದ್ದಳು. ಎದ್ದೇಳಲು ಕಷ್ಟಪಡುತ್ತಿದ್ದಳು. ನಾನು ಹೋಗಿ ತೋಳು ಹಿಡಿದೆ. ರೇವತಿಯ ಹೊಟ್ಟೆ ನೋಡಿ ನಮ್ಮನ್ನು ಚಾಪೆಯ ಮೇಲೆ ಕೂರಿಸಿಕೊಂಡು ಕಡುಬು ಕೊಟ್ಟಳು. ಅವಳ ಮಾತನ್ನು ರೇವತಿ ನನಗೆ ತಿಳಿಸಿದಳು. ಯುದ್ಧ ಬಂದಾಗ ಇವಳು ಚಿಕ್ಕ ಹುಡುಗಿ. ತಾಯಿ ಬೆನ್ನಿಗೆ ಕಟ್ಟಿಕೊಂಡು ಈ ಕಡೆ ಬಂದಳಂತೆ. ತಂದೆ ಎತ್ತಿಗೆ ಹುಲ್ಲು ಹಾಕಿ, ಮನೆ ಭದ್ರ ಮಾಡಿ, ಹಿಂದಿನಿಂದ ಬರುತ್ತೇನೆ ಅಂದನಂತೆ. ನಡುವೆ ಗಡಿ ಬಿತ್ತು. ಕಾಗದವಿಲ್ಲ, ಫೋನಿಲ್ಲ. ಬದುಕಿದ್ದನೋ ಇಲ್ಲವೋ ತಿಳಿಯದೆ ಎಷ್ಟೋ ವರ್ಷ ಎಡೆಯನ್ನೇ ಇಡಲಿಲ್ಲವಂತೆ. ಈಗ ತನಗೇ ಇಷ್ಟು ವಯಸ್ಸಾಯಿತಲ್ಲ, ಇನ್ನಿರಲಾರ ಎಂದು ಇಡುತ್ತಾಳೆ.

ಕ್ಷಿಪಣಿಯ ಭಯವಿಲ್ಲವೇ ಎಂದು ನಾನು ರೇವತಿಯಿಂದ ಕೇಳಿಸಿದೆ. ಮುದುಕಿ ಒಂದು ಹಣ್ಣು ಸುಲಿಯುತ್ತ ಏನೋ ಹೇಳಿದಳು. ನಾನು ಮೊಣಕೈಯಿಂದ ತಿವಿದ ಮೇಲೆ ರೇವತಿ ಹೇಳಿದಳು.

"ಕ್ಷಿಪಣಿಗೆ ಈ ಬೆಟ್ಟ ದಾಟಿ ಬರೋಕೆ ದಾರಿ ಇದೆ ಅಂತಾಳೆ, ಅವ್ವೆ. ನಮ್ಮಪ್ಪನಿಗೆ ಸಿಗಲಿಲ್ಲ ಅಂತಾಳೆ."

ಮನೆಗೆ ಬರುವ ದಾರಿಯಲ್ಲಿ ರೇವತಿ ಕಾರಿನ ಗಾಜಿಗೆ ತಲೆಯಿಟ್ಟು ಕೂತಿದ್ದಳು. ಅನೂಪನಿಗೆ ಸಮಾಧಾನ ಮಾಡುವ ಆತುರ. ಇಲ್ಲಿ ದಿನಸಿ ಅಂಗಡಿ ಇಟ್ಟಿರುವ ತಮಿಳು ಅಣ್ಣಾಚಿ ಹಿರಿಯರು, ಮಾವನ ಜಾಗದಲ್ಲಿ ಅವರನ್ನು ಕೂರಿಸಿ ಹೂಂ ಅನ್ನಿಸೋಣ, ಅವರು ಒಪ್ಪಿದ್ದಾರೆ ಎಂದ. "ಬಾಡಿಗೆ ಹೂಂ ನನಗೆ ಬೇಡ" ಎಂದಳು. "ಅಪ್ಪ ಅಂದರೆ ಹಾಕು. ಅನ್ನದಿದ್ದರೆ ಆ ದಾರ ಅವ್ವೆಯ ಚೀಲದಲ್ಲೇ ಊರಿಗೆ ಹೋಗಲಿ."

ಅವಳಪ್ಪನ ಹಟವೇ. ಮೂಗು ಮಾತ್ರ ನನ್ನದು.

ಕಣ್ಣಿಯ ದಿನ

ಏಳನೇ ತಿಂಗಳು ಮುಗಿಯುತ್ತ ಬಂದಿತ್ತು. ನನಗೂ ಹೊರಡುವ ದಿನ ಹತ್ತಿರವಾಗಿತ್ತು. ಹೆರಿಗೆಗೆ ಅನೂಪನ ತಾಯಿ ಬರುವುದೆಂದು ಮೊದಲೇ ಮಾತಾಗಿತ್ತು. ಸೋಮವಾರ ಬೆಳಿಗ್ಗೆ ದೀಪ ಹಚ್ಚಿದೆ. ರೇವತಿಗೆ ನನ್ನ ಬಿಳಿ ಮುಂಡು, ನಮ್ಮ ಬಡಗ ಹೆಂಗಸರ ಉಡುಗೆ, ಉಡಿಸಿದೆ. ಯಜಮಾನರಿಗೆ ಹಿಂದಿನ ದಿನವೇ ಹೇಳಿದ್ದೆ: ನಾಳೆ ವೀಡಿಯೋ ಮಾಡುತ್ತೇವೆ, ಹುಡುಗ ಕೇಳುತ್ತಾನೆ, ಅನ್ನುವುದು ಬಿಡುವುದು ನಿಮಗೆ ಸೇರಿದ್ದು. ಗಡಿಯ ಮುದುಕಿಯ ಕತೆಯನ್ನೂ ಹೇಳಿದ್ದೆ. ಅವರು ಕೇಳಿದ್ದೊಂದೇ: "ನಿಮ್ಮಲ್ಲಿ ಎಂಟು ಗಂಟೆ ಅಂದರೆ ಇಲ್ಲಿ ಎಷ್ಟು?"

ಇಲ್ಲಿ ಇನ್ನೂ ಬೆಳಕು ಹರಿಯುವುದಿಲ್ಲ ಎಂದು ಲೆಕ್ಕ ಹಾಕಿ, ಸೂರ್ಯ ಬಂದ ಮೇಲೆ ಮಾಡಿ ಅಂದರು. ಹಾಗಾಗಿ ಮಧ್ಯಾಹ್ನದ ತನಕ ಕಾದೆವು. ಫೋನನ್ನು ಅನ್ನದ ಕುಕ್ಕರಿಗೆ ಒರಗಿಸಿ ನಿಲ್ಲಿಸಿದೆವು. ಯಜಮಾನರು ಎತ್ತಿದರು. ಅವರಿಗೆ ಫೋನು ಹಿಡಿಯಲು ಬರುವುದಿಲ್ಲ, ಕಂಡದ್ದು ಹಣೆ ಮಾತ್ರ. ರೇವತಿ ಆ ಹಣೆಯನ್ನೇ ನೋಡುತ್ತಿದ್ದಳು. ಎರಡು ವರ್ಷದಲ್ಲಿ ಅವಳು ಕಂಡ ಅಪ್ಪ ಅಷ್ಟು.

ಅನೂಪ್ ನಮ್ಮ ಮಾತಿನಲ್ಲಿ ಬಾಯಿಪಾಠ ಮಾಡಿದ್ದ. ಎರಡೂ ಕೈಯಲ್ಲಿ ದಾರ ಹಿಡಿದು ಕೇಳಿದ: "ಮಾವ, ನಿಂಗಳ ಮಗಳ ಕೊರಳಿಗೆ ಕಣ್ಣಿ ಹಾಕಲಾ?"

ಹಣೆ ಅಲುಗಿತು. ಆಮೇಲೆ ಹಣೆಯೂ ಇಲ್ಲ. ಫೋನನ್ನು ಮೇಜಿನ ಮೇಲೆ ಮಲಗಿಸಿದರು. ನಮ್ಮ ಮನೆಯ ತಲೆಮೇಲಿನ ಹಲಗೆ ಮಾಡು, ಒಂದು ಜೇಡರಬಲೆ ಕಂಡಿತು. ಬಾಗಿಲು ತೆರೆದ ಸದ್ದು, ಹೆಜ್ಜೆ ದೂರವಾದ ಸದ್ದು. ಅಷ್ಟೇ.

ಹೊರಟುಹೋದರು ಎಂದುಕೊಂಡೆವು. ಅನೂಪ್ ಕೈ ಇಳಿಸಲಿಲ್ಲ. ಫೋನು ಆರಿಸಲಾ ಎಂದು ನಾನು ಕೈಚಾಚಿದೆ. "ಇರಲಿ ಅವ್ವೆ" ಎಂದಳು ರೇವತಿ. "ನಮ್ಮ ಮನೆ ಕಾಣ್ತಾ ಇದೆಯಲ್ಲ." ಜೇಡರಬಲೆಯನ್ನು ನೋಡುತ್ತ ಮೂವರೂ ನಿಂತೆವು. ಹಿತ್ತಲಲ್ಲಿ ಕೋಳಿ ಕೂಗಿದ್ದು ಅಷ್ಟು ದೂರಕ್ಕೆ ಕೇಳಿತು. ಅವಳ ಕಣ್ಣು ತುಂಬಿದ್ದು ಕೋಳಿಗೆ.

ಆಮೇಲೆ ಮಾತುಗಳು ಕೇಳಿದವು. ಒಬ್ಬರದಲ್ಲ. ಯಾರೋ ಕೆಮ್ಮಿದರು, ಯಾರೋ ನಮ್ಮವರಿಗೆ ಫೋನು ತಿರುವಿ ಹಿಡಿ ಎಂದು ಬೈದರು. ಮಾಡು ಹೋಗಿ ಆಕಾಶ ಬಂತು, ಆಮೇಲೆ ನಮ್ಮ ಅಂಗಳ. ಹಟ್ಟಿಯ ಹಿರಿಯರು, ಪಕ್ಕದ ಮನೆಗಳ ಹೆಂಗಸರು, ಬಿಳಿ ಉಟ್ಟು ನಿಂತಿದ್ದರು. ಮುಂದೆ ಯಜಮಾನರು. ತಲೆಗೆ ಬಿಳಿ ಪೇಟ, ನಾವು ಮಂಡರೆ ಅನ್ನುವುದು, ದೊಡ್ಡ ಕೆಲಸಗಳಿಗೆ ಮಾತ್ರ ಸುತ್ತುವಂಥದ್ದು.

ಆಗ ನನಗೆ ಹೊಳೆಯಿತು. ಮಾವನ ಹೂಂ ನಾಲ್ಕು ಜನರ ಮುಂದೆ ಆಗಬೇಕಾದದ್ದು. ಮುಚ್ಚಿದ ಕೋಣೆಯಲ್ಲಿ ಫೋನಿಗೆ ಹೇಳಿದರೆ ಅದು ಹೂಂ ಅಲ್ಲ. ಸೂರ್ಯ ಬರಲಿ ಎಂದದ್ದೂ ಅದಕ್ಕೇ. ಗೋಡೆ ಪಕ್ಕ ನಿಲ್ಲುತ್ತಿದ್ದ ಮನುಷ್ಯ ಬೆಳಿಗ್ಗೆಯೇ ಮನೆಮನೆಗೆ ಹೋಗಿ, ನನ್ನ ಮಗಳಿಗೆ ಕಣ್ಣಿ, ಬನ್ನಿ ಎಂದು ಕರೆದು ಬಂದಿದ್ದರು.

"ಈಗ ಕೇಳಪ್ಪ" ಅಂದರು ಅನೂಪನಿಗೆ. "ಗಟ್ಟಿಯಾಗಿ ಕೇಳು. ಇವರಿಗೂ ಕೇಳಿಸಲಿ."

ಅವನು ಗಟ್ಟಿಯಾಗಿ ಕೇಳಿದ, ಮಲಯಾಳದ ರಾಗದಲ್ಲೇ. ಹೆಂಗಸರಲ್ಲಿ ಯಾರೋ ಕಿಸಕ್ಕನೆ ನಕ್ಕರು.

"ಹೂಂ" ಅಂದರು. "ರೇವತಿಯ ಕೊರಳಿಗೆ ಹಾಕು."

ಹಿರಿಯರು ಒಂದು ಒಂಬತ್ತಾಗಲಿ ಎಂದು ಹರಸಿದರು. ಅನೂಪ್ ದಾರ ಹಾಕಿದ. ರೇವತಿ ಕುಕ್ಕರಿನ ಮುಂದೆ, ಆ ಸಣ್ಣ ಪರದೆಯ ಮುಂದೆ, ಹೊಟ್ಟೆ ಹೊತ್ತುಕೊಂಡು ಬಗ್ಗಿದಳು. ಯಜಮಾನರ ಕೈ ಪರದೆಯ ಹತ್ತಿರ ಬಂತು. ತಲೆ ಮುಟ್ಟುವುದು ಅವರಿಗೆ ಬೇಕಿತ್ತು. ಬೆರಳು ಗಾಜಿಗೆ ತಾಗಿ ಕತ್ತಲಾಯಿತು, ಲೈನು ಕಡಿಯಿತು.

ಮತ್ತೆ ಕಟ್ಟಬೆಟ್ಟು

ಮೆಟ್ಟುಪಾಳಯದಿಂದ ಬಸ್ಸು ಮೇಲೆ ಹತ್ತುವಾಗ ತಿರುವುಗಳಲ್ಲಿ ನೀಲಗಿರಿ ಎಲೆಯ ವಾಸನೆ ಬಂತು. ಬೇಕಾದಷ್ಟು ಉಸಿರೆಳೆದುಕೊಂಡೆ. ಆದರೂ ಎದೆಯ ಒಂದು ಪಾಲು ಆ ಅಣೆಕಟ್ಟಿನ ಊರಿನಲ್ಲೇ ಉಳಿದಿದೆ. ಮಗು ಇನ್ನೂ ಬಂದಿಲ್ಲ. ಬಂದಾಗ ಅದನ್ನು ಮೊದಲು ಎತ್ತಿಕೊಳ್ಳುವುದು ನಾನಲ್ಲ. ಅನೂಪನ ತಾಯಿ ಒಳ್ಳೆಯವಳು, ಅವಳ ಕೈ ಬೆಚ್ಚಗಿರುತ್ತದೆ, ಅಷ್ಟು ಸಾಕು ಎಂದುಕೊಳ್ಳುತ್ತೇನೆ. ಸಾಕಾಗುವುದಿಲ್ಲ.

ನಾನು ಬಂದ ಮರುದಿನವೇ ವಾರ್ತೆಯಲ್ಲಿ ಮತ್ತೆ ಕ್ಷಿಪಣಿ. ಯಜಮಾನರು ಹೊಗೆ ನೋಡಲಿಲ್ಲ. ಫೋನೆತ್ತಿ ತಾವೇ ಮಾಡಿದರು. "ರೇವತೀ, ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿದುಕೋ" ಅಂದರು. ಅವಳು ಏನು ಹೇಳಿದಳೋ, ನಕ್ಕರು. ಆಮೇಲೆ ಆ ಊರಿನ ಬೆಟ್ಟ ನಮ್ಮ ಬೆಟ್ಟದಷ್ಟು ಎತ್ತರವಾ, ಮಂಜು ಯಾವಾಗ ಬೀಳುತ್ತದೆ, ಅಲ್ಲಿಯ ಕೋಸು ಹೇಗೆ ಎಂದು ಕೇಳುತ್ತ ಅಂಗಳದಲ್ಲಿ ಆ ಕಡೆ ಈ ಕಡೆ ನಡೆದರು.

ಮಂಡರೆ ಬಾಗಿಲ ಹಿಂದಿನ ಗೂಟದಲ್ಲಿ ಹಾಗೇ ನೇತಾಡುತ್ತಿತ್ತು, ಹಣೆಯ ಬೆವರಿನ ಗೆರೆ ಒಣಗಿ ಹಳದಿಯಾಗಿತ್ತು. ಬಿಸಿಲು ಇನ್ನೂ ಸ್ವಲ್ಪ ಉಳಿದಿತ್ತು. ಪೇಟವನ್ನು ಬಿಚ್ಚಿ ಬಕೆಟ್ಟಿಗೆ ಹಾಕಿ, ಸೋಪು ಹಚ್ಚಿ ತಿಕ್ಕಲು ಕೂತೆ.